ಒಣಗುವಷ್ಟು ಗಾಳಿ

ಕತ್ತರಿಯನ್ನು ಯಾವ ಕೈಯಲ್ಲಿ ಹಿಡಿಯಬೇಕೆಂಬ ಅನುಮಾನ ಲೋಥಾರ್ ನೇಗೆಲೆಗೆ ಅರವತ್ತಮೂರನೆಯ ವಯಸ್ಸಿನಲ್ಲಿ, ಅಕ್ಟೋಬರ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಮೂರನೇ ಮಹಡಿಯ ಬಾಲ್ಕನಿಯಲ್ಲಿ ಮೊದಲ ಸಲ ಬಂತು. ಬಲಗೈಯಲ್ಲಿ ಹಿಡಿದರೆ ಎಡಗೈ ಗಿಡವನ್ನು ಮುಟ್ಟಬೇಕು. ಮುಟ್ಟಿದರೆ ಅಂಟು ಹತ್ತುತ್ತದೆ, ಅಂಟು ಹತ್ತಿದ ಕೈಯಲ್ಲಿ ಬಾಗಿಲ ಹಿಡಿ ಹಿಡಿಯಬೇಕು, ಹಿಡಿಗೆ ವಾಸನೆ ಹತ್ತುತ್ತದೆ, ಹತ್ತಿದ ವಾಸನೆಗೆ ಕಾಲು ಬಂದು ಮೆಟ್ಟಿಲಿಳಿದು ಎರಡನೇ ಮಹಡಿಯ ಮುದುಕಿ ಫ್ರೌ ಗೆಕೆಲರ್ ಮನೆಯ ಗಂಟೆ ಒತ್ತುತ್ತದೆ. ಒಂದು ಗಾಂಜಾ ಗಿಡ ಕೊಯ್ಯುವುದಕ್ಕೆ ಕಾನೂನಿನ ಒಪ್ಪಿಗೆ ಇತ್ತು. ತಲೆಗೆ ಮೂರು ಗಿಡ ಎಂದು ಪತ್ರಿಕೆಯಲ್ಲೇ ಬಂದಿತ್ತು. ಇಬ್ಬರಿಗೆ ಆರು. ಅವರಲ್ಲಿ ಇದ್ದದ್ದು ಒಂದು. ಆದರೂ ಬಿದಿರಿನ ತಡಿಕೆ ಕಟ್ಟಿ, ತಡಿಕೆಗೆ ಜೆರೇನಿಯಂ ಕುಂಡಗಳನ್ನು ತೂಗಿಹಾಕಿ, ಬೇಸಗೆಯಿಡೀ ಎದುರು ಮನೆಯ ಕಿಟಕಿಗಳಿಗೆ ಅವನು ಕೊಟ್ಟ ಮುಗುಳ್ನಗೆಗಳನ್ನು ಕೂಡಿಸಿದರೆ ಆರು ಗಿಡಕ್ಕೆ ಸಾಲುವಷ್ಟು ಗೊಬ್ಬರವಾಗುತ್ತಿತ್ತು.

"ಕೆಳಗಿಂದ ಅಲ್ಲ, ಮೇಲಿಂದ ಶುರು ಮಾಡು," ಎಂದಳು ಹೆಂಡತಿ ರೋಸ್ವಿತಾ. ಬಾಲ್ಕನಿಯ ಗಾಜಿನ ಬಾಗಿಲಿಗೆ ಒತ್ತಿ ಹಾಕಿದ್ದ ಹಾಸಿಗೆಯ ತಲೆದಿಕ್ಕನ್ನು ಗುಂಡಿಯೊತ್ತಿ ಎತ್ತರಿಸಿಕೊಂಡಿದ್ದಳು. ಆ ಹಾಸಿಗೆ ಬಂದಮೇಲೆ ಅದಕ್ಕೆ ಮೊದಲು ಅಲ್ಲಿ ಊಟದ ಮೇಜಿತ್ತು ಎಂಬುದು ಅವನಿಗೆ ಮರೆತೇಹೋಗಿತ್ತು. "ಏಯ್, ಅದು ಪಾಠ ಒಪ್ಪಿಸದ ಹುಡುಗ ಅಲ್ಲ ಕಣೋ, ಕಿವಿ ಹಿಂಡಬೇಡ. ಕೊಂಬೆ ಹಿಡಿ. ಹೂವು ಮುಟ್ಟಬೇಡ."

ಅವನು ಕೊಂಬೆ ಹಿಡಿದ. ಮೂವತ್ತಾರು ವರ್ಷ ಭೂಗೋಳ ಹೇಳಿಕೊಟ್ಟವನಿಗೆ ಊರ ಪಕ್ಕದ ನೆಕರ್ ನದಿ ಹುಟ್ಟುವ ಜಾಗ ಗೊತ್ತಿತ್ತು, ಆ ನದಿಯ ಮಂಜು ಯಾವ ತಿಂಗಳಲ್ಲಿ ಎಷ್ಟು ಎತ್ತರ ಏರುತ್ತದೆಂದು ಕರಿಹಲಗೆಯ ಮೇಲೆ ಬಾಣ ಎಳೆದು ತೋರಿಸುವುದಕ್ಕೆ ಗೊತ್ತಿತ್ತು. ಒಂದು ಕೊಂಬೆಯನ್ನು ಎಲ್ಲಿ ಕತ್ತರಿಸಬೇಕೆಂದು ಗೊತ್ತಿರಲಿಲ್ಲ. ಅದೆಲ್ಲ ಅವಳ ಇಲಾಖೆ. ಊರಾಚೆಯ ನರ್ಸರಿಯಲ್ಲಿ ಇಪ್ಪತ್ತೆಂಟು ವರ್ಷ ಸಸಿ ಮಾರಿದವಳು, ಕೊಳ್ಳಲು ಬಂದವರ ಕೈ ನೋಡಿ 'ನಿಮ್ಮ ಹತ್ರ ಇದು ಬದುಕಲ್ಲ, ಬೇಡ' ಎಂದು ಸಸಿಯನ್ನು ವಾಪಸ್ ಕಿತ್ತುಕೊಂಡವಳು. ಮಾರ್ಚಿನಲ್ಲಿ ಇನ್ನೂ ನಿಲ್ಲುವ ಶಕ್ತಿಯಿದ್ದಾಗ ಐದು ಬೀಜ ಊರಿದ್ದಳು. ಮೂರು ಏಳಲಿಲ್ಲ. ಎದ್ದ ಎರಡರಲ್ಲಿ ಒಂದು ಜುಲೈಯಲ್ಲಿ ಗಂಡೆಂದು ಗೊತ್ತಾಗಿ, 'ಒಂದು ಮನೆಗೆ ಒಂದು ಗಂಡು ಸಾಕು' ಎಂದು ಅವಳೇ ಕಿತ್ತೆಸೆದಿದ್ದಳು. ಉಳಿದದ್ದು ಈ ಹೆಣ್ಣು ಗಿಡ. ಔಷಧಿಯಂಗಡಿಯಿಂದ ಇದೇ ಗಿಡದ ಹನಿಗಳು ಬಾಟಲಿಯಲ್ಲಿ ಬಂದಿದ್ದವು, ವೈದ್ಯರ ಚೀಟಿಯ ಸಮೇತ. ಅದನ್ನು ಕುಡಿದ ಎರಡು ದಿನವೂ ಅವಳು ವಾಂತಿ ಮಾಡಿಕೊಂಡಳು. ಒಣಗಿದ ಹೂವಿನ ಹಬೆಯನ್ನು ಒಂದೆರಡು ಸಲ ಒಳಗೆಳೆದುಕೊಂಡರೆ ಹೊಟ್ಟೆ ತೊಳೆಸುವುದು ನಿಂತು ಅನ್ನ ಸೇರುತ್ತದೆಂದು ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಹೆಂಗಸು ಹೇಳಿದ್ದಳಂತೆ. ಮೂರು ವಾರದಿಂದ ರೋಸ್ವಿತಾಳ ಒಳಗೆ ಹೋಗುತ್ತಿದ್ದದ್ದು ಪೆಟ್ಟಿಗೆಯಲ್ಲಿ ಬರುವ, ವೆನಿಲ್ಲಾ ಎಂದು ಹೇಳಿಕೊಳ್ಳುವ, ಸುಣ್ಣದಂಥ ಪಾನೀಯ ಮಾತ್ರ. "ಒಂದು ತುತ್ತು," ಎನ್ನುತ್ತಿದ್ದಳು. "ಹಲ್ಲಲ್ಲಿ ಅಗಿದು. ನುಂಗಿ. ಅದು ಒಳಗೇ ಇರಬೇಕು. ಆಮೇಲೆ ಏನಾದ್ರೂ ಆಗ್ಲಿ." ಏನಾಗುತ್ತದೆಂದು ವೈದ್ಯರು ಸೆಪ್ಟೆಂಬರ್ ಕೊನೆಯಲ್ಲಿ ಹೇಳಿದ್ದರು. ತಿಂಗಳುಗಳ ಮಾತು ಬಿಟ್ಟು ವಾರಗಳ ಮಾತಿಗೆ ಇಳಿದಿದ್ದರು. ಗಿಡ ಕೊಯ್ದು ಒಣಗಲು ಹತ್ತು ಹನ್ನೆರಡು ದಿನ ಬೇಕು. ಅವನು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಧೈರ್ಯ ಮಾಡಿರಲಿಲ್ಲ.

ಆವತ್ತು ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಅವನು ಮಾಡಿದ್ದೇನೆಂದರೆ, ವೈದ್ಯರನ್ನು ಅಣಕಿಸಿದ್ದು. ಆ ವೈದ್ಯರಿಗೆ ಪ್ರತಿ ವಾಕ್ಯದ ಮೊದಲು ಮೂಗಿನಿಂದ ಒಂದು ಉಸಿರು ಬಿಡುವ ಚಾಳಿ, ಸಣ್ಣ ಟೈರಿನ ಗಾಳಿ ಬಿಟ್ಟಂತೆ. ಲೋಥಾರ್ ಗೇರು ಬದಲಿಸುತ್ತ ಅದನ್ನು ಹಾಗೇ ಇಳಿಸಿದ. ಶಾಲೆಯಲ್ಲಿ ಅವನು ಹೀಗೆ ಎಲ್ಲರನ್ನೂ ಅಣಕಿಸುತ್ತಿದ್ದ. ಒಮ್ಮೆ ಮುಖ್ಯೋಪಾಧ್ಯಾಯರನ್ನು ಅಣಕಿಸುತ್ತಿದ್ದಾಗ ಅವರು ಹಿಂದೆಯೇ ನಿಂತಿದ್ದರು. ನಕ್ಕು ಚಪ್ಪಾಳೆ ತಟ್ಟಿ, 'ಮುಂದುವರಿಸಿ ನೇಗೆಲೆ, ನನಗಿಂತ ಚೆನ್ನಾಗಿ ನಾನಾಗಿದ್ದೀರಿ' ಎಂದಿದ್ದರು. ಅಂದಿನಿಂದ ನಿವೃತ್ತಿಯವರೆಗೆ ಪ್ರತಿ ಕ್ರಿಸ್‌ಮಸ್ ಕೂಟದಲ್ಲೂ ಅವರ ಅಪ್ಪಣೆಯಂತೆ ಅವರನ್ನೇ ಅಣಕಿಸಬೇಕಾಗಿ ಬಂದು, ಅದರ ರುಚಿಯೇ ಸತ್ತುಹೋಗಿತ್ತು. ಕಾರಿನಲ್ಲಿ ರೋಸ್ವಿತಾ ಮೊದಲ ಉಸಿರಿಗೆ ನಕ್ಕಳು, ಅಥವಾ ಕೆಮ್ಮಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಇವತ್ತು ಬೇರೆ ಯಾರೂ ಬೇಡ, ಲೋಥಾರ್," ಎಂದಳು. ಬೇರೆ ಯಾರೂ ಬೇಡವೆಂದಮೇಲೆ ಕಾರಿನಲ್ಲಿ ಉಳಿದದ್ದು ಯಾರು ಎಂದು ಕನ್ನಡಿಯಲ್ಲಿ ನೋಡಿದ್ದ. ಹಿಂದಿನ ಲಾರಿ ಕಾಣಿಸಿತ್ತು.

ಒಂಬತ್ತು ಕೊಂಬೆಗಳಾದವು. ಅಗಲ ಎಲೆಗಳನ್ನು ಬಿಡಿಸಿಹಾಕಿದ ಮೇಲೆ ಅವು ಬೋಳಾಗಿ, ಹೂಗೊಂಚಲುಗಳು ಮಾತ್ರ ಉಳಿದು, ನೆನೆದ ಬೆಕ್ಕಿನ ಬಾಲದ ಹಾಗೆ ಕಾಣುತ್ತಿದ್ದವು. ಬಚ್ಚಲಲ್ಲಿ ಮೂರು ಬಕೆಟ್. ಮೊದಲನೆಯದಕ್ಕೆ ಉಗುರುಬೆಚ್ಚಗಿನ ನೀರು, ಅದಕ್ಕೆ ನಿಂಬೆರಸ, ಒಂದು ಹಿಡಿ ಅಡುಗೆ ಸೋಡಾ, ಎರಡನೆಯದಕ್ಕೆ ಬರೀ ಬೆಚ್ಚಗಿನ ನೀರು, ಮೂರನೆಯದಕ್ಕೆ ತಣ್ಣೀರು. ತೊಳೆಯುವುದೇ ಅವನಿಗೆ ವಿಚಿತ್ರವಾಗಿತ್ತು. ಒಣಗಿಸಬೇಕಾದ್ದನ್ನು ಮೊದಲು ನೆನೆಸುವುದೆಂದರೇನು? "ಕೆಳಗಿನ ರಸ್ತೇಲಿ ಬಸ್ಸು ಓಡಾಡಲ್ವಾ? ಅದರ ಮಸಿಯೆಲ್ಲಾ ಎಲ್ಲಿ ಕೂತಿದೆ ಅನ್ಕೊಂಡೆ?" ಎಂದು ಹಾಸಿಗೆಯಿಂದ ಕೂಗಿದ್ದಳು. "ಅಂಟು ನೀರಿಗೆ ಬಿಡಲ್ಲ. ಕೊಳೆ ಬಿಡುತ್ತೆ. ಉಜ್ಜಬೇಡ ಮತ್ತೆ. ಅದ್ದಿ, ಆಡಿಸಿ, ಎತ್ತು." ಅದ್ದಿ, ಆಡಿಸಿ, ಎತ್ತಿದ. ಮೊದಲ ಬಕೆಟ್ಟಿನ ನೀರು ಮೂರನೇ ಕೊಂಬೆಗೇ ಕಂದಾಯಿತು. ಬೂದಿಯಂಥ ಧೂಳು, ರೆಕ್ಕೆ ಮುರಿದ ಸಣ್ಣ ನೊಣಗಳು, ಯಾರದೋ ಕೂದಲು, ಒಂದು ಜೇಡ. ಜೇಡ ಬಕೆಟ್ಟಿನ ಅಂಚು ಹತ್ತಿ ಅವನನ್ನು ನೋಡಿ, ಇಂಥ ಮನೆಯೆಂದು ಗೊತ್ತಿದ್ದರೆ ಬರುತ್ತಲೇ ಇರಲಿಲ್ಲವೆಂಬಂತೆ ಇಳಿದುಹೋಯಿತು.

ಐದನೇ ಕೊಂಬೆಯ ಹೊತ್ತಿಗೆ ಕೈ ಪಳಗಿತು. ಬುಡ ಹಿಡಿದು ನಿಧಾನ ಇಳಿಸುವುದು, ಎಡಗೈಯಿಂದ ಕೆಳಗೆ ಆಸರೆ ಕೊಡುವುದು, ನೀರು ತೊಟ್ಟಿಕ್ಕಿ ನಿಲ್ಲುವವರೆಗೆ ಎತ್ತಿ ಹಿಡಿಯುವುದು, ಬಿಳಿ ಬಟ್ಟೆಯ ಮೇಲೆ ಮಲಗಿಸಿ ಒತ್ತದೆ ತಟ್ಟುವುದು. ತಟ್ಟುತ್ತಿದ್ದ ಹಾಗೇ, ಈ ಚಲನೆಗಳೆಲ್ಲ ಎಲ್ಲಿಂದ ಬಂದವೆಂದು ಅವನಿಗೆ ಗೊತ್ತಾಗಿ ಕೈ ನಿಂತಿತು. ಬೆಳಿಗ್ಗೆ ಬರುವ ದಾದಿ ಮಿರೆಲಾ ಹೇಳಿಕೊಟ್ಟದ್ದು ಇದನ್ನೇ: ತೋಳಿನ ಕೆಳಗೆ ಆಸರೆ ಕೊಡಿ, ಉಜ್ಜಬೇಡಿ, ತಟ್ಟಿ ಒರೆಸಿ. ರೋಸ್ವಿತಾಳಿಗೆ ಹಾಗೆ ಮಾಡುವಾಗ ಅವನ ಕೈ ನಡುಗುತ್ತಿತ್ತು. ಎರಡು ಸಲ ನೀರು ಹಾಸಿಗೆಗೆ ಚೆಲ್ಲಿ, ಮೂರನೇ ಸಲ ಮಿರೆಲಾ ಬಟ್ಟಲನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು, "ಪರವಾಗಿಲ್ಲ ಬಿಡಿ ಸರ್, ನೀವು ಟವಲ್ ಹಿಡ್ಕೊಳಿ," ಎಂದಿದ್ದಳು. ಅಂದಿನಿಂದ ಅವನು ಟವಲ್ ಹಿಡಿಯುವವನು. ಈ ಕೊಂಬೆಗಳೊಂದಿಗೆ ಮಾತ್ರ ನಡುಕವೇ ಇಲ್ಲ. ಇಷ್ಟು ಚೆನ್ನಾಗಿ, ಇಷ್ಟು ಶಾಂತವಾಗಿ ಒಂದನ್ನು ತೊಳೆಯಬಲ್ಲೆ ಎಂದು ಗೊತ್ತಾದದ್ದೇ ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗಾಯಿತು. ಬಾಗಿಲನ್ನು ಕಾಲಿನಿಂದ ಅರ್ಧ ಮುಚ್ಚಿಕೊಂಡ, ಅವಳಿಗೆ ಕಾಣದಿರಲೆಂದು.

ಅವನ ಓದುವ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಕೊಂಬೆಗಳನ್ನು ತಲೆಕೆಳಗಾಗಿ ತೂಗಿಹಾಕಿದ. ಕಪ್ಪು ಪರದೆ ಎಳೆದ. ಸಣ್ಣ ಫ್ಯಾನನ್ನು ಗೋಡೆಗೆ ಮುಖಮಾಡಿ ಇಟ್ಟ. ತೇವ ತೋರಿಸುವ ಮುಳ್ಳಿನ ಗಡಿಯಾರವೊಂದನ್ನು ಭೂಪಟಗಳ ಕಪಾಟಿನ ಮೇಲೆ ನಿಲ್ಲಿಸಿದ. ರೋಸ್ವಿತಾ ಕಣ್ಣು ಮುಚ್ಚಿಕೊಂಡೇ ಒಂದೊಂದಾಗಿ ಹೇಳಿದಳು: ಹತ್ತು ದಿನ, ಆತುರ ಕೂಡದು, ಒಲೆಯಲ್ಲಿಟ್ಟರೆ ಹುಲ್ಲಿನ ವಾಸನೆ ಬಂದು ತನಗೆ ಗಂಟಲಲ್ಲಿ ಇಳಿಯುವುದಿಲ್ಲ, ಕಡ್ಡಿ ಬಾಗಿಸಿದರೆ ಬಾಗಬಾರದು, ಟಕ್ ಎಂದು ಮುರಿಯಬೇಕು, ಅಂದು ತರಬೇಕು.

"ಗಾಳಿ ಬೇಕಂದ್ರೆ ಬಾಗಿಲು ಒಂಚೂರು ಸಂದಿ ಬಿಡು. ಕಿಟಕಿ ಮಾತ್ರ ಬೇಡ. ಹೊರಗೆ ಮಂಜು."

"ಮಂಜಿನ ವಿಷಯ ನನಗೆ ಹೇಳ್ತೀಯಾ?" ಎಂದ ಭೂಗೋಳದ ಮೇಷ್ಟ್ರು.

"ಹೌದು. ನಿನಗೇ ಹೇಳ್ತಿರೋದು."

ಶನಿವಾರ ಅವರ ಬಾಗಿಲಿಗೆ ಗುಡಿಸುವ ವಾರದ ಫಲಕ ತೂಗುತ್ತಿತ್ತು. ಆ ಫಲಕ ಯಾರ ಬಾಗಿಲಲ್ಲಿರುತ್ತದೋ ಆ ವಾರ ಮೆಟ್ಟಿಲು, ಅಂಗಳ, ಕಸದ ಡಬ್ಬಿಗಳ ಮುಂದಿನ ಜಾಗ ಎಲ್ಲ ಅವರದು. ಹೆಂಡತಿ ಸಾಯುತ್ತಿದ್ದಾಳೆಂಬುದು ಫಲಕಕ್ಕೆ ಗೊತ್ತಿರುವುದಿಲ್ಲ. ಲೋಥಾರ್ ಮೇಲಿನಿಂದ ಗುಡಿಸುತ್ತ ಬಂದ. ಮೂರನೇ ಮಹಡಿಯಲ್ಲಿ ವಾಸನೆಯಿತ್ತು, ಒಪ್ಪಿದ. ಎರಡನೆಯದರಲ್ಲೂ ಇತ್ತು. ತಿರುವಿನಲ್ಲಿ ಎದುರಿನಿಂದ ಫ್ರೌ ಗೆಕೆಲರ್ ಹತ್ತಿ ಬಂದಳು. ಎಪ್ಪತ್ತೆಂಟರ ವಿಧವೆ, ಒಂದು ಕೈಯಲ್ಲಿ ಈರುಳ್ಳಿಸೊಪ್ಪು ಇಣುಕುವ ಚೀಲ, ಇನ್ನೊಂದರಲ್ಲಿ ಮೆಟ್ಟಿಲ ಕಂಬಿ. ನಿಂತಳು. ಮೂಗೆತ್ತಿದಳು. ಆ ಮೂಗೆತ್ತಿದ್ದೇ ಸಾಕಾಯಿತು. ಲೋಥಾರ್ ಪೊರಕೆ ಎತ್ತಿಕೊಂಡು ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದ.

"ಮೆಟ್ಟಿಲ ತುಂಬಾ ವಾಸನೆ, ಹೆರ್ ನೇಗೆಲೆ," ಎಂದಳು. "ಮೊನ್ನೆಯಿಂದ. ನನಗೆ ಗೊತ್ತಾಗಲ್ಲ ಅನ್ಕೊಂಡ್ರಾ?"

"ಕ್ಷಮಿಸಿ. ಈಗಲೇ ಸಾರಿಸ್ತೀನಿ. ಕಿಟಕಿ ತೆಗೀತೀನಿ."

"ಅಯ್ಯೋ, ಒಂದು ನಿಮಿಷ ನಿಲ್ಲಿ, ನಾನು ಹೇಳೋಕೆ ಹೊರಟಿದ್ದು—"

ಅವನು ಎರಡೆರಡು ಮೆಟ್ಟಿಲು ಹಾರಿ ಹತ್ತಿಬಿಟ್ಟಿದ್ದ. ಬಾಗಿಲು ಹಾಕಿಕೊಂಡು, ಪೊರಕೆಗೇ ಒರಗಿ ಉಸಿರು ಎಳೆದುಕೊಂಡ. ಕೈಯಲ್ಲಿ ಕಸದ ಮೊರ ಇನ್ನೂ ಇತ್ತು. ಕಸ ಮೆಟ್ಟಿಲ ಮೇಲೇ ಉಳಿದಿತ್ತು.

ರೋಸ್ವಿತಾ ಎಚ್ಚರವಾಗಿದ್ದಳು. ಏನೆಂದು ಕೇಳಿದಳು. ಹೇಳುವುದರ ಬದಲು ಅವನು ಟವಲನ್ನು ಹೆಗಲಿಗೆ ಶಾಲಿನ ಹಾಗೆ ಹೊದ್ದು, ಕಂಬಿ ಹಿಡಿದವನಂತೆ ಹಾಸಿಗೆಯ ಅಂಚು ಹಿಡಿದು, ಗದ್ದ ಮುಂದೆ ಮಾಡಿದ. ಫ್ರೌ ಗೆಕೆಲರ್ ಕೋಣೆಗೆ ಬಂದಳು. "ಮೆಟ್ಟಿಲ ತುಂಬಾ ವಾಸನೆ, ಹೆರ್ ನೇಗೆಲೆ! ನಲವತ್ತೊಂದು ವರ್ಷದಿಂದ ಈ ಮನೇಲಿದ್ದೀನಿ, ಇಂಥ ಗಲೀಜು ನೋಡಿರಲಿಲ್ಲ. ಮರ್ಯಾದಸ್ಥರ ಮನೆ ಇದು. ನಾಳೆ ಪೊಲೀಸ್ನೋರು ಬೂಟು ಹಾಕ್ಕೊಂಡು ಮೆಟ್ಟಿಲು ಹತ್ತಿದ್ರೆ, ಆ ಮೆಟ್ಟಿಲು ಗುಡಿಸೋರು ಯಾರು?" ಧ್ವನಿ ಚೆನ್ನಾಗಿ ಕೂತಿತ್ತು. ಕೊನೆಯ ಅಕ್ಷರವನ್ನು ಆಕೆ ಎಳೆಯುವ ರೀತಿ, ಮಾತಿನ ನಡುವೆ ಕೃತಕ ಹಲ್ಲನ್ನು ನಾಲಗೆಯಿಂದ ಸರಿಮಾಡಿಕೊಳ್ಳುವ ಸಣ್ಣ ಸದ್ದು.

ಒಂದು ಕ್ಷಣ ರೋಸ್ವಿತಾಳ ತುಟಿಯಂಚು ಎದ್ದಿತು. "ಪೊಲೀಸ್ ಅಂದ್ಲಾ?"

"ಅಂದ ಹಾಗೇ."

"ಅಂದ ಹಾಗೇ ಬೇರೆ, ಅಂದದ್ದು ಬೇರೆ."

"ಆ ಮುಖ ನೋಡಿದ್ರೆ ನಿನಗೆ ಗೊತ್ತಾಗ್ತಿತ್ತು."

ಅವಳು ಮುಖವನ್ನು ನೋಡಿದಳು, ಆದರೆ ಅದು ಅವನದೇ ಮುಖ. ಹಿಂದೆ ಒಮ್ಮೆ ಹೀಗೆಯೇ ನೋಡಿದ್ದಳು. ಮದುವೆಯಾದ ವರ್ಷ, ಅವಳ ತಂಗಿಯ ನಿಶ್ಚಿತಾರ್ಥದಲ್ಲಿ, ದ್ರಾಕ್ಷಾರಸದ ಮೂರನೇ ಸುತ್ತಿಗೆ, ಅವಳ ಅಪ್ಪನ ತೊದಲನ್ನು ಅವನು ಅಣಕಿಸಿದ್ದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ನಗುವುದರಲ್ಲೂ ತೊದಲಿದರು. ರೋಸ್ವಿತಾ ಎಲ್ಲರಿಗಿಂತ ಜೋರಾಗಿ ನಕ್ಕಳು. ರೈಲಿನಲ್ಲಿ ಮನೆ ತಲುಪುವವರೆಗೆ ಎರಡು ಗಂಟೆ ಮಾತಾಡಲಿಲ್ಲ. ಮತ್ತೆಂದೂ ಆ ವಿಷಯ ಎತ್ತಲೂ ಇಲ್ಲ. ಆ ಎರಡು ಗಂಟೆಯ ರೈಲು ಮೂವತ್ತನಾಲ್ಕು ವರ್ಷದಿಂದ ಅವನೊಳಗೆ ಓಡುತ್ತಲೇ ಇತ್ತು, ಯಾವ ನಿಲ್ದಾಣದಲ್ಲೂ ನಿಲ್ಲದೆ.

ಅಂದು ಮಧ್ಯಾಹ್ನ ಅವಳಿಗೆ ಜೊಂಪು ಹತ್ತಿದ ಮೇಲೆ ಅವನು ಓದುವ ಕೋಣೆಗೆ ಹೋಗಿ, ಕಪ್ಪು ಪರದೆ ಸರಿಸಿ, ಕಿಟಕಿಯ ಎರಡೂ ರೆಕ್ಕೆಗಳನ್ನು ಗೋಡೆಗೆ ತಾಗುವಂತೆ ತೆಗೆದ. ಹತ್ತೇ ನಿಮಿಷ. ಕಿಟಕಿ ತೆಗೆಯುವುದು ಈ ಸೀಮೆಯಲ್ಲಿ ಉಸಿರಾಟಕ್ಕಿಂತ ಮೊದಲು ಕಲಿಸುವ ವಿದ್ಯೆ. ಅವನ ತಾಯಿ ಜನವರಿಯಲ್ಲೂ ಬೆಳಿಗ್ಗೆ ಸಂಜೆ ಮನೆಯ ಕಿಟಕಿಗಳನ್ನೆಲ್ಲ ಹಾರುಹೊಡೆದು, ಮಕ್ಕಳನ್ನು ದುಪ್ಪಟಿಯ ಸಮೇತ ಹಿಮದ ಗಾಳಿಗೆ ಒಪ್ಪಿಸುತ್ತಿದ್ದಳು. ಜ್ವರ ಬಂದರೆ ಇನ್ನೊಂದು ಕಿಟಕಿ. ಈ ಮನೆಯ ಬಾಡಿಗೆ ಪತ್ರದಲ್ಲೂ ದಿನಕ್ಕೆ ಎರಡು ಸಲ ಕಿಟಕಿ ಪೂರ್ತಿ ತೆಗೆಯತಕ್ಕದ್ದು ಎಂದು ಅಚ್ಚಾಗಿತ್ತು. ಹಾಗೆಂದು ಅವನು ತನಗೆ ಹೇಳಿಕೊಂಡ. ನದಿಯ ಮೇಲಿನಿಂದ ಎದ್ದ ಮಂಜು ಎದುರು ಮನೆಯ ಚಾವಣಿ ದಾಟಿ, ಯಾರ ಅಪ್ಪಣೆಯೂ ಇಲ್ಲದೆ, ಕೋಣೆಯೊಳಕ್ಕೆ ಬಂದು ದಾರದ ಮೇಲಿನ ಒಂಬತ್ತು ಕೊಂಬೆಗಳ ನಡುವೆ ಸುಳಿದಾಡಿತು. ಮುಳ್ಳು ಅರವತ್ತರಿಂದ ಎಪ್ಪತ್ತಕ್ಕೆ ಏರಿತು. ಅವನು ಗಾಜನ್ನು ಬೆರಳಿನಿಂದ ತಟ್ಟಿದ, ತಪ್ಪು ಉತ್ತರ ಹೇಳಿದವನನ್ನು ಇನ್ನೊಮ್ಮೆ ಯೋಚಿಸು ಎನ್ನುವಂತೆ. ಅದು ಇನ್ನೊಮ್ಮೆ ಯೋಚಿಸಿ ಎಪ್ಪತ್ತೈದಕ್ಕೆ ಹೋಯಿತು.

ಭಾನುವಾರ ಎರಡು ಸಲ. ಸೋಮವಾರ ಮಿರೆಲಾ ಬಂದವಳು ಬಾಗಿಲಲ್ಲೇ, "ಆಹಾ, ಏನು ಘಮ ಸರ್," ಎಂದು ಕಣ್ಣು ಹೊಡೆದದ್ದರಿಂದ ನಾಲ್ಕು ಸಲ. ಯಾರೋ ಮೆಟ್ಟಿಲು ಹತ್ತುವ ಸದ್ದಾದಾಗಲೆಲ್ಲ ಅವನು ತುದಿಗಾಲಲ್ಲಿ ಓಡಿ ಕಿಟಕಿ ತೆಗೆದ. ಒಮ್ಮೆ ಸದ್ದು ಬಾಗಿಲ ಹೊರಗೇ ನಿಂತ ಹಾಗಾಯಿತು; ಆಗ ಅವನು ರೋಸ್ವಿತಾಳ ಮುಂದೆ ಫ್ರೌ ಗೆಕೆಲರ್ ಆಗಿದ್ದ, ಈ ಸಲ ಆಕೆ ನಗರಸಭೆಗೆ ಬರೆಯುವ ದೂರಿನ ಕಾಗದ ಓದುತ್ತಿದ್ದಳು. ಅಷ್ಟು ದಿನಗಳಲ್ಲಿ ಆ ಮುದುಕಿ ಅವನ ಬಾಯಲ್ಲಿ ಬೆಳೆದು ದೊಡ್ಡವಳಾಗಿದ್ದಳು. ಕೆಳಗಿನ ಮನೆಯಲ್ಲಿ ಒಬ್ಬಳಿದ್ದಾಳೆಂಬುದು ನೆಪಕ್ಕೆ ಮಾತ್ರ. ಹೆದರಿಕೆ ಅವನಿಗೆ ಮೇಲಿನ ಮನೆಯಲ್ಲಿ ತಾನೇ ಆಡಿಸುತ್ತಿದ್ದವಳದ್ದೇ. ಗಾಳಿಮಾತು ಕಟ್ಟಿದ್ದೂ ಅವನೇ, ಅದಕ್ಕೆ ಗಾಳಿ ಬಿಟ್ಟದ್ದೂ ಅವನೇ. ಪ್ರತಿ ಸಲ ಕಿಟಕಿ ಮುಚ್ಚಿ ಬರುವಾಗ ರೋಸ್ವಿತಾ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಹಿತ್ತಾಳೆಯ ಹಿಡಿ ತಿರುಗಿಸುವಾಗ ಸದ್ದಾಗದಂತೆ ಅದಕ್ಕೆ ಎಣ್ಣೆ ಬಿಟ್ಟಿದ್ದ.

"ಒಣಗ್ತಾ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು.

"ಒಣಗ್ತಾ ಇದೆ."

ಬುಧವಾರದಿಂದ ಅವಳು ಕೇಳಲಿಲ್ಲ. ಮೈಗೆ ಅಂಟಿಸುವ ನೋವಿನ ಪಟ್ಟಿಯ ಅಳತೆ ಹೆಚ್ಚಿಸಿದ್ದರಿಂದ ಮಂಪರೆಂದು ಅವನು ಅಂದುಕೊಂಡ. ಪಾನೀಯದ ಡಬ್ಬಿಗಳು ಈಗ ಅರ್ಧಕ್ಕೇ ಉಳಿಯುತ್ತಿದ್ದವು.

ಶುಕ್ರವಾರ, ಎಂಟನೇ ದಿನ, ಅವನು ಒಂದು ಕಡ್ಡಿಯನ್ನು ಬಾಗಿಸಿ ನೋಡಿದ. ಟಕ್ ಎನ್ನಲಿಲ್ಲ. ಬಾಗಿತು, ಬಾಗಿ ಹಾಗೇ ಉಳಿಯಿತು. ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು: ಹಸಿರು, ನಡುನಡುವೆ ಕಿತ್ತಳೆ ಕೂದಲು, ಬೆಳಕಿಗೆ ಹಿಡಿದರೆ ಸಕ್ಕರೆ ಉದುರಿಸಿದಂಥ ಮಿನುಗು. ಎಲ್ಲಕ್ಕಿಂತ ದಪ್ಪನೆಯ ಗೊಂಚಲನ್ನು ಹೆಬ್ಬೆರಳುಗಳಿಂದ ಬಿಡಿಸಿದ. ಒಳಗೆ ಬೂದು ಉಣ್ಣೆ. ಮೊದಲು ಅವನಿಗೆ ಅದು ಬಟ್ಟೆಯ ನೂಲೆನಿಸಿತು, ಒರೆಸಿದಾಗ ಹತ್ತಿರಬೇಕೆಂದು ಊದಿದ. ಊದಿದ ಕೂಡಲೇ ಬೂದಿ ಎದ್ದು ಅವನ ಕನ್ನಡಕದ ಮೇಲೆ ಕೂತಿತು. ಎರಡನೆಯದು. ಮೂರನೆಯದು. ಎಲ್ಲ ಒಳಗಿನಿಂದಲೇ ಹೋಗಿತ್ತು. ಹೋಗುವುದು ಹೀಗೆಯೇ, ಒಳಗಿನಿಂದ, ಹೊರಗೆ ಏನೂ ತೋರಿಸದೆ, ಎಂದು ಸ್ಕ್ಯಾನಿನ ಚಿತ್ರದ ಮೇಲೆ ಪೆನ್ನಾಡಿಸುತ್ತ ಯಾರೋ ಅವನಿಗೆ ಮೊದಲೇ ಹೇಳಿದ್ದರು. ಆಗ ಅವನು ಆ ಪೆನ್ನು ಹಿಡಿಯುವ ರೀತಿಯನ್ನು ನೆನಪಿಟ್ಟುಕೊಳ್ಳುತ್ತಿದ್ದ, ಆಮೇಲೆ ಬೇಕಾಗಬಹುದೆಂದು. ಒಂಬತ್ತನ್ನೂ ಬಿಡಿಸಿದ. ತುದಿಯ ಸಣ್ಣ ಮೊಗ್ಗುಗಳನ್ನೂ ಬಿಡಲಿಲ್ಲ. ಬೂಷ್ಟು ಹಿಡಿದದ್ದರ ಹಬೆಯನ್ನು, ಔಷಧದಲ್ಲಿ ರಕ್ತವೇ ತೆಳುವಾದವಳ ಎದೆಯೊಳಕ್ಕೆ ಕಳಿಸುವುದೆಂದರೆ ಏನೆಂದು ಅವನಿಗೂ ಗೊತ್ತಿತ್ತು. ಬೀಜ ಊರಿ ಮತ್ತೆ ಶುರು ಮಾಡುವುದಕ್ಕೆ ಮಾರ್ಚ್ ಬರಬೇಕು.

ಎಲ್ಲವನ್ನೂ ಕಾಗದದ ಚೀಲಕ್ಕೆ ತುಂಬಿ ಕೆಳಗಿಳಿದ. ಅಂಗಳದಲ್ಲಿ ನಾಲ್ಕು ಬಣ್ಣದ ಕಸದ ಡಬ್ಬಿಗಳು. ಎಲೆ, ಸಿಪ್ಪೆ, ಹೂವು ಎಲ್ಲ ಕಂದು ಡಬ್ಬಿಗೆ, ಅದು ಅವನಿಗೆ ಬಾಯಿಪಾಠ. ಆದರೂ ಮುಚ್ಚಳದ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಓದುತ್ತ ನಿಂತ. ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆಯ ಚಿಪ್ಪು, ಬಾಡಿದ ಹೂಗುಚ್ಛ. ಇದರ ಚಿತ್ರ ಎಲ್ಲೂ ಇರಲಿಲ್ಲ.

"ಎಲ್ಲಾ ಹೋಯ್ತಾ?" ಎಂದಿತು ಹಿಂದಿನಿಂದ ಒಂದು ಧ್ವನಿ, ಕೊನೆಯ ಅಕ್ಷರವನ್ನು ಎಳೆದು. ಅವನು ಬೆಚ್ಚಿದ್ದು, ಆ ಧ್ವನಿ ತನ್ನ ಬಾಯಿಂದ ಬಂತೇ ಎಂದು. ಫ್ರೌ ಗೆಕೆಲರ್ ಆಲೂಗಡ್ಡೆ ಸಿಪ್ಪೆಯ ಬಟ್ಟಲು ಹಿಡಿದು ನಿಂತಿದ್ದಳು. ನಿಜವಾದವಳು ಅವನು ಆಡಿಸುತ್ತಿದ್ದವಳಿಗಿಂತ ಎಷ್ಟೋ ಗಿಡ್ಡ. ಅನುಮತಿ ಕೇಳದೆ ಚೀಲದೊಳಗೆ ಕೈಹಾಕಿ ಒಂದು ಗೊಂಚಲು ತೆಗೆದು, ಬಿಡಿಸಿ, ಮೂಗಿನ ಹತ್ತಿರ ಒಯ್ದು ಕೆಳಗಿಳಿಸಿದಳು. "ಮಂಜಲ್ಲಿ ಕಿಟಕಿ ತೆಗೆದ್ರಿ. ಅಲ್ವಾ?"

ಅವನು ತಲೆಯಾಡಿಸಿದ.

"ಅದನ್ನೇ ನಾನು ಶನಿವಾರ ಹೇಳೋಕೆ ಹೊರಟದ್ದು. ಮೊಲದ ಹಾಗೆ ಓಡಿದ್ರಿ. ನಾನು ಟೆಟ್‌ನಾಂಗ್ ಕಡೆಯವಳು ಹೆರ್ ನೇಗೆಲೆ, ಬಿಯರಿಗೆ ಕಹಿ ಕೊಡೋ ಹಾಪ್ಸ್ ಹೂವು ಬೆಳೆಯೋ ಮನೆಯವಳು. ಅದೂ ಇದೂ ಒಂದೇ ವಂಶ. ನಮ್ಮಪ್ಪನ ಅಟ್ಟದಲ್ಲಿ ಇಷ್ಟು ದಪ್ಪ ಹೂವು ಹರಡಿರ್ತಿದ್ವು. ಮಂಜು ಬಿದ್ದ ದಿನ ನಾವು ಕಿಟಕಿ ತೆಗೆದ್ರೆ ಅಪ್ಪ ಬೆಲ್ಟ್ ತೆಗೀತಿದ್ದ." ಕೃತಕ ಹಲ್ಲನ್ನು ನಾಲಗೆಯಿಂದ ಸರಿಮಾಡಿಕೊಂಡಳು, ಸಣ್ಣ ಸದ್ದು. "ಅಟ್ಟ ಮಾರಿ ಐವತ್ತು ವರ್ಷ ಆಯ್ತು. ನಿಮ್ಮ ಬಾಗಿಲಿಂದ ಆ ವಾಸನೆ ಬಂತು ನೋಡಿ, ನಾನು ಮೆಟ್ಟಿಲ ಮೇಲೆ ಸುಮ್ನೆ ನಿಂತ್ಕೋತಿದ್ದೆ. ಚೀಲ ಕೆಳಗಿಟ್ಟು."

"ನೀವು ಬೆಲ್ ಮಾಡಬಹುದಿತ್ತು," ಎಂದ ಲೋಥಾರ್. ಅಂದಮೇಲೆ ಅದು ದೂರಿನ ಹಾಗೆ ಕೇಳಿಸಿತು.

"ಎರಡು ಸಲ ಹತ್ತಿ ಬಂದೆ. ನಮ್ಮನೇಲಿ ಒಲೆ ಹತ್ರ ತೂಗಿಹಾಕಿ, ಕೋಣೆ ಬಾಗಿಲು ತೆಗೆದಿಟ್ಟು ನಾನೇ ಒಣಗಿಸಿಕೊಡ್ತೀನಿ ಅನ್ನೋಣ ಅಂತ. ಒಳಗಡೆ ನಾನೇ ಮಾತಾಡ್ತಿದ್ದೆ." ಆಕೆಯ ಮುಖದಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಚೆನ್ನಾಗಿ ಮಾಡ್ತೀರಿ. ನಮ್ಮ ತಂಗಿಗೂ ಅಷ್ಟು ಬರಲ್ಲ. ನಾನು ಅಲ್ಲಿ ಇದ್ದಮೇಲೆ ಇನ್ನೊಬ್ಬಳು ಯಾಕೆ ಅಂತ ವಾಪಸ್ ಬಂದೆ."

ಅವನು ಬಾಯಿ ತೆರೆದ. ಕ್ಷಮೆ ಕೇಳುವ ಹತ್ತು ಜನರ ಹತ್ತು ರೀತಿ ಅವನಿಗೆ ಗೊತ್ತಿತ್ತು: ಮುಖ್ಯೋಪಾಧ್ಯಾಯರು ಕೆಮ್ಮಿ ಕೇಳುವ ಕ್ಷಮೆ, ರೈಲು ತಡವಾದಾಗ ನಿಲ್ದಾಣ ಕೇಳುವ ಕ್ಷಮೆ, ವೈದ್ಯರದ್ದು, ಉಸಿರು ಬಿಟ್ಟು. ಒಂದೂ ಬರಲಿಲ್ಲ. ಆಕೆ ಅವನ ಕೈಯಿಂದ ಚೀಲ ತೆಗೆದುಕೊಂಡು, ಕಂದು ಡಬ್ಬಿಯ ಮುಚ್ಚಳ ಎತ್ತಿ, ಒಳಗಿಟ್ಟು, ಮೇಲೆ ಆಲೂಗಡ್ಡೆ ಸಿಪ್ಪೆ ಸುರಿದಳು. "ಒಂದು ನಿಮಿಷ ನಿಲ್ಲಿ," ಎಂದಳು. "ಈ ಸಲ ನಿಲ್ಲಿ."

ನಿಂತ. ಆಕೆ ಎರಡು ಮಹಡಿ ಹತ್ತಿ ಇಳಿದು ಬರುವವರೆಗೆ, ಬೇಕಾದಷ್ಟು ಹೊತ್ತು, ಡಬ್ಬಿಗಳ ನಡುವೆ ಐದನೇ ಡಬ್ಬಿಯಂತೆ ನಿಂತ. ತಟ್ಟೆ ಮುಚ್ಚಿದ ಕಡುಬಿನ ಬಟ್ಟಲು ತಂದಳು, ಬಿಸಿ, ಬಟ್ಟೆ ಸುತ್ತಿ. "ಮಾಲ್‌ಟಾಷೆ. ಬೆಳಿಗ್ಗೆ ಮಾಡಿದ್ದು. ಅವರಿಗೆ ಸೇರದಿದ್ರೆ ನೀವು ತಿನ್ನಿ. ಬಟ್ಟಲಿಗೆ ಅವಸರ ಇಲ್ಲ."

ಮೆಟ್ಟಿಲು ಹತ್ತುತ್ತ ಅವನು ವಾಕ್ಯ ಜೋಡಿಸಿದ. ಬಿಚ್ಚಿದ. ಇನ್ನೂ ನಾಲ್ಕು ದಿನ ಬೇಕಂತೆ ಎನ್ನಬಹುದು. ನಾಲ್ಕು ದಿನವಾದಮೇಲೆ ಇನ್ನು ನಾಲ್ಕು. ಅಷ್ಟರಲ್ಲಿ, ಎಂದು ಮನಸ್ಸು ಮುಂದೆ ಹೋದದ್ದನ್ನು ನೋಡಿ ಅವನ ಕಾಲು ಮೆಟ್ಟಿಲ ಮೇಲೆ ತಡವರಿಸಿತು, ಬಟ್ಟಲಿನ ಸಾರು ತಟ್ಟೆಗೆ ತುಳುಕಿತು. ಅಷ್ಟರಲ್ಲಿ ಕೇಳುವವರು ಇರುವುದಿಲ್ಲವೆಂದು ಅವನು ಎಣಿಸಿದ್ದ. ಎಣಿಸಿ, ಒಂದು ಕ್ಷಣ, ಹಗುರಾಗಿದ್ದ.

ರೋಸ್ವಿತಾ ಎಚ್ಚರವಾಗಿದ್ದಳು. ಗಾಜಿನಾಚೆ ಖಾಲಿ ಕುಂಡ, ಕುಂಡದಲ್ಲಿ ಕತ್ತರಿಸಿದ ಮೋಟು.

"ಬೂಷ್ಟು ಬಂತು," ಎಂದ. ನಿಂತುಕೊಂಡೇ. "ಎಲ್ಲಾ. ನಾನು ಕಿಟಕಿ ತೆಗೆದೆ."

"ಗೊತ್ತು."

"ಏನು ಗೊತ್ತು?"

"ಮಂಗಳವಾರ ರಾತ್ರಿ ವಾಸನೆ ತಿರುಗಿತು. ನಿನಗೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ. ಇಪ್ಪತ್ತೆಂಟು ವರ್ಷ ಅದೇ ಕೆಲಸ." ಮಾತಿನ ನಡುವೆ ಉಸಿರಿಗಾಗಿ ನಿಂತಳು. "ಕಿಟಕಿಯ ಹಿಡಿಗೆ ಎಣ್ಣೆ ಬಿಟ್ಟದ್ದೂ ಗೊತ್ತು. ಸದ್ದು ನಿಂತುಹೋಯ್ತಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಇನ್ನೊಂದು ಕಿಟಕಿ ತೆಗೀತಿದ್ದೆ."

ಅವನು ನಗಬೇಕೇ ಎಂದು ಅವಳ ಮುಖ ನೋಡಿದ. ಅಲ್ಲಿ ಯಾವ ಸೂಚನೆಯೂ ಸಿಗಲಿಲ್ಲ. ಬೈಗುಳ ಬರಬಹುದು, ಬಂದರೆ ತಲೆ ತಗ್ಗಿಸಬಹುದು ಎಂದು ಕಾದ. ಅವಳ ಕಣ್ಣು ಬಟ್ಟಲಿನ ಮೇಲಿತ್ತು.

"ಏನದು? ಮುಚ್ಚಳ ತೆಗಿ."

ತೆಗೆದ. ತಿಳಿಸಾರಿನಲ್ಲಿ ಅಂಗೈಯಗಲದ ನಾಲ್ಕು ಕಡುಬು, ಮೇಲೆ ಹುರಿದ ಈರುಳ್ಳಿ. ಆವಿ ಅವಳ ಕಡೆ ಹೋಯಿತು. ಅವಳ ಗಂಟಲು ಮೇಲೆ ಹೋಗಿ, ನಿಂತು, ಕೆಳಗಿಳಿಯಿತು. ಮತ್ತೆ ಮೇಲೆ ಹೋಯಿತು. ಕೈಯಿಂದ ಹಾಸಿಗೆಯ ಅಂಚನ್ನು ಹಿಡಿದು, ಕಣ್ಣು ಮುಚ್ಚಿ ಕಾದಳು. ಅವನು ಬಟ್ಟಲನ್ನು ದೂರ ಒಯ್ಯಲು ಹೊರಟಾಗ, "ಇರಲಿ," ಎಂದಳು. "ನನಗಾಗಲ್ಲ. ನೀನು ತಿನ್ನು."

"ನಾನಾ?"

"ಇಲ್ಲೇ ಕೂತು. ನನಗೆ ಕಾಣೋ ಹಾಗೆ."

ಕುರ್ಚಿ ಎಳೆದು ಕೂತ. ಮೊದಲ ಚಮಚವನ್ನು ಪ್ರಾರ್ಥನೆಗೆ ಕೂತವನಂತೆ ಬಾಯಿಗಿಟ್ಟು, ಸದ್ದಿಲ್ಲದೆ, ತುಟಿ ಮುಚ್ಚಿಕೊಂಡು ಅಗಿದ.

"ಹಾಗಲ್ಲ," ಎಂದಳು. "ಆಸ್ಪತ್ರೇಲಿ ರೋಗಿ ಪಕ್ಕ ಕೂತು ತಿನ್ನೋರ ಹಾಗೆ ತಿನ್ಬೇಡ. ನೀನು ತಿನ್ನೋ ಹಾಗೆ ತಿನ್ನು."

ತಾನು ತಿನ್ನುವುದು ಹೇಗೆ? ಅವನಿಗೆ ಎಲ್ಲರೂ ತಿನ್ನುವುದು ಗೊತ್ತಿತ್ತು. ಫ್ರೌ ಗೆಕೆಲರ್ ಹಲ್ಲು ಸರಿಮಾಡಿಕೊಳ್ಳುತ್ತ, ಮಾವ ಪ್ರತಿ ತುತ್ತಿಗೂ ಗಲ್ಲ ಒರೆಸಿಕೊಳ್ಳುತ್ತ, ಮುಖ್ಯೋಪಾಧ್ಯಾಯರು ಫೋರ್ಕನ್ನು ಪೆನ್ನಿನಂತೆ ಹಿಡಿದು. ತನ್ನದನ್ನು ಮಾತ್ರ ಎಂದೂ ನೋಡಿರಲಿಲ್ಲ. ಎರಡನೇ ತುತ್ತು ಸುಮ್ಮನೆ ಬಾಯಿಗೆ ಹಾಕಿಕೊಂಡ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೆಂದು ಹೊಟ್ಟೆ ಆಗ ಹೇಳಿತು. ಸಾರು ಬಿಸಿಯಿತ್ತು, ಹಿಟ್ಟು ಮೆತ್ತಗಿತ್ತು, ಒಳಗಿನ ಮಾಂಸ ಹದವಾಗಿ ಬೆಂದಿತ್ತು. ಬಹಳ ರುಚಿಯಾಗಿತ್ತು. ಆ ರುಚಿಯನ್ನು ಮುಖದಿಂದ ಅಳಿಸಲು ಯತ್ನಿಸಿದ, ಆಗಲಿಲ್ಲ. ಕೈ ತಾನೇ ಮುಂದಿನ ಕಡುಬಿಗೆ ಹೋಗಿತ್ತು, ಗಲ್ಲದ ಮೇಲೆ ಸಾರು ಇಳಿದಿತ್ತು, ಬಾಯಿಂದ ಸದ್ದು ಬರುತ್ತಿತ್ತು.

"ಒಳಗೇನಿದೆ?"

"ಮಾಂಸ. ಪಾಲಕ್. ಜಾಯಿಕಾಯಿ."

"ಜಾಯಿಕಾಯಿ ಜಾಸ್ತಿ ಆಗಿದ್ಯಾ?"

"ಸ್ವಲ್ಪ."

"ಅವಳದ್ದು ಯಾವಾಗ್ಲೂ ಜಾಸ್ತಿ," ಎಂದಳು ತೃಪ್ತಿಯಿಂದ. ದಿಂಬಿನಿಂದ ತಲೆ ಎತ್ತಿ ಸ್ವಲ್ಪ ಮುಂದೆ ಬಂದಿದ್ದಳು. ಅವನು ಅಗಿದಾಗ ಅವಳ ದವಡೆಯೂ ಅಲುಗುತ್ತಿತ್ತು. ಅವನು ನುಂಗಿದಾಗ ಅವಳು ನುಂಗಿದಳು. "ಈರುಳ್ಳಿ ಜೊತೆ ತಿನ್ನು. ಹ್ಞಾಂ. ನಿಧಾನ."

ಮೂರು ಮುಗಿದವು. ಬಟ್ಟಲಿನ ತಳದಲ್ಲಿ ಒಂದು ಉಳಿದಿತ್ತು. ಹಾಸಿಗೆಯಿಂದ ಅದು ಕಾಣುತ್ತಿರಲಿಲ್ಲ.

"ಮುಗೀತಾ?"

"ಇಲ್ಲ," ಎಂದ ಲೋಥಾರ್. "ಇನ್ನೂ ಇದೆ."

ಅವನು ಆ ಕಡುಬನ್ನು ಚಮಚದ ಅಂಚಿನಿಂದ ಎರಡು ಮಾಡಿದ. ಎರಡನ್ನು ನಾಲ್ಕು ಮಾಡಿದ. ನಾಲ್ಕನ್ನು ಮತ್ತೆ, ಹಿಟ್ಟು ಮಾಂಸ ಒಂದಕ್ಕೊಂದು ಬಿಟ್ಟುಹೋಗದಂತೆ ಎಚ್ಚರದಿಂದ, ಇನ್ನೂ ಸಣ್ಣದು ಮಾಡಿದ. ಅವಳು ಬಾಯಿ ಒಂಚೂರು ತೆರೆದುಕೊಂಡು ಅವನ ಮುಂದಿನ ತುತ್ತಿಗೆ ಕಾಯುತ್ತಿದ್ದಳು.